ಬೀಗವಿಲ್ಲದ ಮುಚ್ಚಳ

ಕಳೆದ ಭಾನುವಾರ ನನ್ನ ತಂಗಿಯ ಮಗ ಬೆಂಗಳೂರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದವನು ಕಾಫಿಗೂ ಮೊದಲೇ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆಯನ್ನು ತೆಗೆದು ಮೇಜಿನ ಮೇಲಿಟ್ಟನು. ಮೈಸೂರಿಗೆ ಬಂದಾಗಲೆಲ್ಲ ಅತ್ತೆಗೆಂದು ಏನಾದರೊಂದನ್ನು ತರುವುದು ಅವನ ರೂಢಿ. ಆದ್ದರಿಂದ ನನ್ನ ಹೆಂಡತಿ ಸೆರಗಿಗೆ ಕೈಯೊರಸಿಕೊಳ್ಳುತ್ತ ಕುತೂಹಲದಿಂದ ಬಂದಳು. ಒಳಗಿದ್ದುದು ಅಂಚಿಗೆ ಹಲ್ಲು ಕಡೆದ, ಅಂಗೈಯಗಲದ ಒಂದು ಕಪ್ಪು ಮುಚ್ಚಳ. "ಯಾವ ಡಬ್ಬಿಯದೋ ಇದು?" ಎಂದಳು. ಪೆಟ್ರೋಲ್ ಟ್ಯಾಂಕಿನದೆಂದು ತಿಳಿದೊಡನೆ ಅವಳ ಆಸಕ್ತಿ ಮುಗಿದು, ನನ್ನದು ಆರಂಭವಾಯಿತು.

"ಇದಕ್ಕೆ ಬೀಗದ ಕೈ ಬೇಡ ಮಾವ. ಹೀಗೆ ತಿರುಗಿಸಿದರೆ ತೆರೆಯಿತು, ಹಾಗೆ ತಿರುಗಿಸಿದರೆ ಮುಚ್ಚಿತು," ಎಂದು ಅವನು ಗಾಳಿಯಲ್ಲಿಯೇ ತಿರುಗಿಸಿ ತೋರಿಸಿದನು. ಪಂದ್ಯದ ಗಾಡಿಗಳಿಗೆ ಇಂಥದನ್ನೇ ಹಾಕುತ್ತಾರಂತೆ. ಬೆಲೆ ಕೇಳಿದೆ, ಕೇಳಬಾರದಾಗಿತ್ತು.

ಬೀಗದ ಕೈ ಬೇಡದ ಮುಚ್ಚಳಗಳಲ್ಲಿ ಎರಡು ಜಾತಿ ಎಂಬುದು ನನಗೆ ಅಂದೇ ತಿಳಿದದ್ದು. ಭಾರಿ ಬೆಲೆಯ ಕೆಲವು ಗಾಡಿಗಳಲ್ಲಿ ಬೀಗವೇನೋ ಉಂಟು, ತೆರೆಯುವ ಕೈ ಮಾತ್ರ ಕಣ್ಣಿಗೆ ಕಾಣದು. ಸವಾರನ ಜೇಬಿನಲ್ಲಿರುವ ಪುಟ್ಟ ಬಿಲ್ಲೆಯೊಂದು ರೇಡಿಯೋ ಅಲೆಗಳ ಮೂಲಕ ಗಾಡಿಗೆ ತನ್ನ ಗುರುತು ಹೇಳುತ್ತದೆ. ಯಜಮಾನ ಹತ್ತಿರವೇ ಇದ್ದಾನೆಂದು ಗಾಡಿಗೆ ನಂಬಿಕೆಯಾದರೆ ಬೀಗ ಸಡಿಲುತ್ತದೆ. ಬಿಲ್ಲೆಯೊಳಗಿನ ಕಾಸಗಲದ ಬ್ಯಾಟರಿ ಸತ್ತ ದಿನ ಯಜಮಾನನು ತನ್ನ ಗಾಡಿಗೇ ಅಪರಿಚಿತನಾಗಿ ನಿಲ್ಲಬೇಕಾಗುವುದೆಂಬುದು ಬೇರೆ ಮಾತು. ನಮ್ಮ ಹುಡುಗ ತಂದದ್ದು ಎರಡನೆಯ ಜಾತಿಯದು. ಅದರಲ್ಲಿ ಬೀಗವೂ ಇಲ್ಲ, ಗುರುತೂ ಇಲ್ಲ. ಕೈಯಿದ್ದ ಯಾರು ಬೇಕಾದರೂ ತೆರೆಯಬಹುದು.

ಅವನ ಕಷ್ಟವೂ ನ್ಯಾಯವಾದದ್ದೇ. ಮಳೆಯಲ್ಲಿ ನೆನೆಯುತ್ತ ಬಂಕಿಗೆ ಹೋದರೆ, ಕೈಗವಸು ಬಿಚ್ಚಿ, ಬೀಗದ ಕೈಯನ್ನು ಇಂಜಿನ್ನಿನ ಕಿಂಡಿಯಿಂದ ಕಿತ್ತು, ಮುಚ್ಚಳದ ಕಿಂಡಿಗಿಟ್ಟು ತಿಣುಕಬೇಕು. ಹಿಂದಿನ ಗಾಡಿಯವನು ಅಷ್ಟರಲ್ಲಿ ಹಾರನ್ನು ಒತ್ತುತ್ತಿರುತ್ತಾನೆ. ಕಿಂಡಿಗೆ ಧೂಳು ಸೇರಿ, ತುಕ್ಕು ಹಿಡಿದು, ಬೀಗದ ಕೈ ಒಳಗೇ ಮುರಿದವರೂ ಉಂಟು. ಆಗ ಪೆಟ್ರೋಲಿಗೂ ದಾರಿಯಿಲ್ಲ, ಇಂಜಿನ್ನಿಗೂ ದಾರಿಯಿಲ್ಲ.

ನಾನು ಹೇಳಿದೆ: "ಆ ತಾಪತ್ರಯದಲ್ಲೇ ಒಂದು ಗುಣ ಇದೆ ಕಣೋ. ಒಂದೇ ಬೀಗದ ಕೈ ಎರಡೂ ಕಡೆಗೆ ಬೇಕಾದ್ದರಿಂದ ಇಂಜಿನ್ ನಿಲ್ಲಿಸದೆ ನೀನು ಪೆಟ್ರೋಲ್ ಹಾಕಿಸೋ ಹಾಗೇ ಇಲ್ಲ. ಮುಚ್ಚಳ ಮರೆತು ಹೊರಡೋ ಹಾಗೂ ಇಲ್ಲ." ಅವನು ನಕ್ಕನು. ಆದರೆ ಬಂಕಿನ ಕಟ್ಟೆಯ ಮೇಲೆ ಅನಾಥವಾಗಿ ಉಳಿದ ಬಿಡಿ ಮುಚ್ಚಳಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀರಿನ ಮಾತೂ ಬಂದಿತು. ಟ್ಯಾಂಕಿಗೆ ಸಕ್ಕರೆ ಸುರಿದು ಹಗೆ ತೀರಿಸಿಕೊಳ್ಳುವ ಕಥೆಗಳು ಬಹಳ ಇವೆ. ಪೆಟ್ರೋಲಿನಲ್ಲಿ ಸಕ್ಕರೆ ಕರಗುವುದೇ ಇಲ್ಲ. ನಿಜವಾದ ಶತ್ರು ನೀರು. ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ ತಗಡನ್ನು ತಿನ್ನುತ್ತದೆ. ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುತ್ತದೆ, ಅದಕ್ಕೆ ನೀರೆಂದರೆ ಬಲು ಪ್ರೀತಿ. ನೀರು ಮಿತಿಮೀರಿದರೆ ಎಥನಾಲ್ ಪೆಟ್ರೋಲಿನ ಸಂಗವನ್ನು ಬಿಟ್ಟು ನೀರಿನ ಜೊತೆಗೂಡಿ ಕೆಳಗಿಳಿದುಬಿಡುತ್ತದೆ, ಪಂಪು ಮೊದಲು ಹೀರುವುದು ಅದನ್ನೇ. ಆದುದರಿಂದ ಮುಚ್ಚಳದ ರಬ್ಬರ್ ವಾಷರ್ ಬಿಗಿಯಾಗಿದೆಯೇ ಎಂಬುದು ಬೀಗಕ್ಕಿಂತಲೂ ದೊಡ್ಡ ಪ್ರಶ್ನೆ. ಈ ವಿಷಯದಲ್ಲಿ ಹುಡುಗನ ಮುಚ್ಚಳಕ್ಕೆ ನಾನು ಪೂರ್ಣ ಅಂಕ ಕೊಟ್ಟೆ. ಬೀಗದ ಮುಚ್ಚಳದ ಸುತ್ತ ನಿಂತ ಮಳೆನೀರು ಸಣ್ಣ ಕೊಳವೆಯೊಂದರಿಂದ ಹರಿದುಹೋಗಬೇಕು. ಆ ಕೊಳವೆ ಕಟ್ಟಿಕೊಂಡರೆ ನೀರು ಬೇರೆ ದಾರಿ ಹುಡುಕುತ್ತದೆ.

ಉಳಿದದ್ದು ಕಳ್ಳತನ. "ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕ್ಯಾಮೆರಾ ಇದೆ ಮಾವ. ಕಾವಲಿನವರೂ ಇದ್ದಾರೆ," ಎಂದನು.

"ಗಾಡಿ ಒರೆಸೋದಕ್ಕೆ ಯಾರು ಬರ್ತಾರೆ?"

"ಒಬ್ಬ ಹುಡುಗ ಬರ್ತಾನೆ. ಯಾಕೆ ಮಾವ?"

ನಾನು ಉತ್ತರಿಸಲಿಲ್ಲ. ಐವತ್ತು ವರ್ಷಗಳ ಹಿಂದಿನ ನಮ್ಮ ವಠಾರದ ಓಣಿ ನನ್ನ ಕಣ್ಣಮುಂದೆ ಬಂದಿತು.

ನಮ್ಮ ತಂದೆಯವರು 1966ರಲ್ಲಿ ಒಂದು ಜಾವಾ ಕೊಂಡಿದ್ದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾದದ್ದು; ಮೈಸೂರಿನವರಿಗೆ ಆ ಗಾಡಿಯೆಂದರೆ ನೆರೆಮನೆಯ ಹುಡುಗನಿದ್ದಂತೆ. ನಮ್ಮ ಗಾಡಿಯ ಟ್ಯಾಂಕಿಗೆ ಬೀಗವಿರಲಿಲ್ಲ, ಎಷ್ಟು ಪೆಟ್ರೋಲ್ ಇದೆಯೆಂದು ತೋರಿಸುವ ಮುಳ್ಳೂ ಇರಲಿಲ್ಲ. ತಂದೆಯವರು ಚಾಕುವಿನಿಂದ ಗೆರೆ ಕೊರೆದ ಬಿದಿರಿನ ಕಡ್ಡಿಯೊಂದನ್ನು ಒಳಗಿಳಿಸಿ ನೋಡುತ್ತಿದ್ದರು. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದ ಮೇಲೆ, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಪೀಪಾಯಿಗೆ 3 ಡಾಲರಿನ ಆಸುಪಾಸಿನಿಂದ ಸುಮಾರು 12ಕ್ಕೆ ಏರಿತಷ್ಟೆ. ವಠಾರದ ಓಣಿಗೂ ಅದರ ಬಿಸಿ ತಟ್ಟಿತು. ವಾರಕ್ಕೊಮ್ಮೆ ಇಳಿಯುತ್ತಿದ್ದ ಕಡ್ಡಿ ದಿನವೂ ಇಳಿಯತೊಡಗಿತು.

ಆಗ ನನಗೆ ಹದಿನಾರು ವರ್ಷ. ನನ್ನ ಗೆಳೆಯನೊಬ್ಬನ ಅಣ್ಣನಿಗೆ ಮೊಪೆಡ್ ಇತ್ತು. ಅದೂ ಜಾವಾದಂತೆ ಎಣ್ಣೆ ಬೆರೆಸಿದ ಪೆಟ್ರೋಲನ್ನೇ ಕುಡಿಯುವಂಥದು. ಆದ್ದರಿಂದ ತಂದೆಯವರ ಟ್ಯಾಂಕಿನಲ್ಲಿದ್ದುದು ನಮ್ಮ ಪಾಲಿಗೆ ಬಡಿಸಿಟ್ಟ ಎಲೆಯಾಗಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಮುಚ್ಚಳ ತೆಗೆದು, ರಬ್ಬರ್ ನಳಿಗೆಯನ್ನು ಇಳಿಬಿಟ್ಟು, ಬಾಯಲ್ಲಿ ಹೀರಿ ಸೀಸೆಗೆ ಹರಿಸುವುದು. ಒಮ್ಮೆ ಗುಟುಕು ಗಂಟಲಿಗಿಳಿದು ಎರಡು ದಿನ ಊಟ ಸೇರಲಿಲ್ಲ. ತಾಯಿ ದೃಷ್ಟಿ ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದಳು.

ಗಾಡಿಯನ್ನು ದಿನವೂ ಒರೆಸುತ್ತಿದ್ದವನು ಪಾತ್ರೆ ತಿಕ್ಕುವವಳ ಮಗ, ನನಗಿಂತ ಎರಡು ವರ್ಷ ಚಿಕ್ಕವನು. ಒಂದು ಬೆಳಿಗ್ಗೆ ತಂದೆಯವರು ಕಡ್ಡಿಯನ್ನು ನೋಡಿ, ಅವನನ್ನು ಕರೆದು, "ನಾಳೆಯಿಂದ ನೀನು ಬರೋದು ಬೇಡಪ್ಪ" ಎಂದರು. ಗದರಲಿಲ್ಲ, ಕಳ್ಳನೆನ್ನಲಿಲ್ಲ. ಹುಡುಗ ಏಕೆಂದು ಕೇಳಲಿಲ್ಲ. ಒರೆಸುವ ಬಟ್ಟೆಯನ್ನು ನಲ್ಲಿಯಲ್ಲಿ ಹಿಂಡಿ ಹ್ಯಾಂಡಲ್ಲಿನ ಮೇಲೆ ಹರವಿ ಹೊರಟುಹೋದನು. ನಾನು ಕೋಣೆಯಲ್ಲಿ ಪುಸ್ತಕದ ಹಿಂದೆ ಇದ್ದೆ.

ಹೆದರಿಕೆಯಿಂದ ಒಂದು ತಿಂಗಳು ನಾನು ಟ್ಯಾಂಕಿನ ಹತ್ತಿರ ಸುಳಿಯಲಿಲ್ಲ. ಕಡ್ಡಿ ಇಳಿಯಲೂ ಇಲ್ಲ. ಹೀಗೆ, ಆ ಹುಡುಗನ ಅಪರಾಧವನ್ನು ಸಿದ್ಧಪಡಿಸಿಕೊಟ್ಟವನೂ ನಾನೇ.

ಆಮೇಲೆ ಆಸೆ ಹೆಚ್ಚಿ ಮತ್ತೊಮ್ಮೆ ತೆಗೆದೆ. ಮರುದಿನ ತಂದೆಯವರು ಕಡ್ಡಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನನ್ನು ಏನೂ ಕೇಳಲಿಲ್ಲ. ಸಂಜೆ ಬೀಗವಿರುವ ಮುಚ್ಚಳವೊಂದನ್ನು ತಂದು ಕೂಡಿಸಿ, ಅದರ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಭಾನುವಾರ ಹುಡುಗನ ಮನೆಯನ್ನು ಹುಡುಕಿಕೊಂಡು ಹೋಗಿಬಂದರು. ಅಲ್ಲಿ ಏನಾಯಿತೋ ಹೇಳಲಿಲ್ಲ. ಹುಡುಗ ಮತ್ತೆ ಬರಲಿಲ್ಲ. ಅವನ ತಾಯಿಯೂ ಮುಂದಿನ ತಿಂಗಳು ಬಿಟ್ಟಳು.

ಆ ಬೀಗದಿಂದ ಕಳ್ಳನಿಗೆ ಅಡ್ಡಿಯಾಗುವಂತಿತ್ತೇ ಎಂದರೆ ಅದೂ ಇಲ್ಲ. ಅಂದಿನ ಗಾಡಿಗಳಲ್ಲಿ ಟ್ಯಾಂಕಿನ ಅಡಿಗೆ ಒಂದು ನಲ್ಲಿ ಇರುತ್ತಿತ್ತು. ಅದರ ಪೈಪನ್ನು ಎಳೆದರೆ ಮುಚ್ಚಳದ ಹಂಗೇ ಬೇಡ. 2020ರಿಂದೀಚೆಗಿನ ಗಾಡಿಗಳಲ್ಲಿಯಾದರೆ ಸಾಮಾನ್ಯವಾಗಿ ಪಂಪು ಟ್ಯಾಂಕಿನೊಳಗೇ ಇರುವುದರಿಂದ ನಲ್ಲಿಯ ದಾರಿ ತಪ್ಪಿದೆ. ಈಗ ಬಾಗಿಲು ಎಂಬುದಿದ್ದರೆ ಅದು ಮುಚ್ಚಳವೇ.

ಬೀಗ ಬಂದ ಹೊಸದರಲ್ಲಿ ತಂದೆಯವರೂ ನಾನೂ ನಂಜನಗೂಡಿಗೆ ಹೊರಟೆವು. ಅರ್ಧ ದಾರಿಯಲ್ಲಿ ಗಾಡಿ ಕೆಮ್ಮಿ ನಿಂತಿತು. ಒದ್ದರು, ಒದ್ದೆ, ಕದಲಲಿಲ್ಲ. ಇಬ್ಬರೂ ಮಾತಿಲ್ಲದೆ ತಳ್ಳಿಕೊಂಡು ಮೆಕ್ಯಾನಿಕ್ಕಿನ ಅಂಗಡಿಯೊಂದನ್ನು ಸೇರಿದೆವು. ಅವನು ಟ್ಯಾಂಕನ್ನು ತೆರೆಯಿರಿ ಎಂದನು. ಜನಿವಾರ ಗಿಡ್ಡ, ಆದ್ದರಿಂದ ತಂದೆಯವರು ಟ್ಯಾಂಕಿನ ಮೇಲೆ ದೇವರಿಗೆ ನಮಸ್ಕರಿಸುವವರಂತೆ ಬಾಗಿಯೇ ಬೀಗ ತೆಗೆಯಬೇಕಾಯಿತು. ಮುಚ್ಚಳ ಏಳುತ್ತಲೇ 'ಸುಂಯ್' ಎಂದು ಗಾಳಿ ಒಳಕ್ಕೆ ನುಗ್ಗಿತು. ಪೆಟ್ರೋಲ್ ಇಳಿದಂತೆಲ್ಲ ಅದರ ಜಾಗಕ್ಕೆ ಗಾಳಿ ಬರಬೇಕು. ಹೊಸ ಮುಚ್ಚಳದ ಸೂಜಿರಂಧ್ರ ಮುಚ್ಚಿಹೋಗಿತ್ತು. ಮೆಕ್ಯಾನಿಕ್ ನಕ್ಕು, "ಪೆಟ್ರೋಲಿಗೆ ಬೀಗ ಹಾಕೋಕೆ ಹೋಗಿ ಗಾಳಿಗೂ ಹಾಕ್ಬಿಟ್ಟಿದೀರಲ್ಲ ಸ್ವಾಮಿ," ಎಂದನು.

ತಂದೆಯವರೂ ನಕ್ಕರು. ಎಷ್ಟೋ ವಾರಗಳ ಮೇಲೆ ನನ್ನ ಮುಖ ನೋಡಿ ನಕ್ಕರು. ಅಂದು ರಾತ್ರಿ ಬೀಗದ ಕೈಯನ್ನು ಜನಿವಾರದಿಂದ ಬಿಚ್ಚಿ, ಮನೆಯ ಉಳಿದ ಬೀಗದ ಕೈಗಳ ಜೊತೆಗೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ನಾನು ನಿಂತು ನೋಡುತ್ತಿರುವುದು ಅವರಿಗೆ ಗೊತ್ತಿತ್ತು.

ಈ ಕಥೆಯಲ್ಲಿ ಗಾಳಿಯ ಭಾಗವನ್ನು ಮಾತ್ರ ನಾನು ಹುಡುಗನಿಗೆ ಹೇಳಿದೆ. ಈಗಿನ ಟ್ಯಾಂಕುಗಳ ಆವಿಯನ್ನು ಇದ್ದಿಲಿನ ಡಬ್ಬಿಯೊಂದು ಹೀರಿಕೊಳ್ಳುತ್ತದೆಯೆಂದೂ, ಹೊರಗಿನ ಮುಚ್ಚಳ ಆ ಏರ್ಪಾಟಿಗೆ ಹೊಂದುವುದೋ ಇಲ್ಲವೋ ವಿಚಾರಿಸೆಂದೂ ಹಿರಿಯನ ಗತ್ತಿನಲ್ಲಿ ಸೇರಿಸಿದೆ. ಕೊನೆಗೆ, "ನಿನ್ನ ಪೆಟ್ರೋಲ್ ಹೋದರೆ ಹೋಗಲಿ, ಆದರೆ ಒರೆಸೋ ಹುಡುಗ ಒಬ್ಬ ಇದ್ದಾನಲ್ಲ, ಒಂದು ದಿನ ಮುಳ್ಳು ಇಳಿದಿದ್ದರೆ ನಿನಗೆ ಮೊದಲು ಯಾರ ಹೆಸರು ಹೊಳೆಯುತ್ತೆ, ಹೇಳು," ಎಂದೆ.

ಅವನು ಸ್ವಲ್ಪ ಹೊತ್ತು ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತ ಕುಳಿತನು. ಆಮೇಲೆ ಅದನ್ನು ಪೆಟ್ಟಿಗೆಗೆ ಹಾಕಿ ಚೀಲಕ್ಕೆ ಸೇರಿಸಿದನು. ಹಿಂದಿರುಗಿಸಲು ಇನ್ನೂ ನಾಲ್ಕು ದಿನ ಅವಕಾಶವಿದೆಯಂತೆ.