ವಾರ್ಗಿತ್ತಿ ಹಿತ್ಲಲ್ಲಿ ಟವರ್ರು

ಹೋದ್ ಭಾನ್ವಾರ ಚನ್ನಪಟ್ಣದ ಕಡೆ ಕೊಟ್ಟಿರೋ ನಮ್ಮ ತಂಗಿ ಫೋನ್ ಮಾಡಿದ್ಲು. "ಅಕ್ಕ, ನಮ್ಮ ಮನೆ ಎದುರ್ಗೇ ಮೊಬೈಲ್ ಟವರ್ ಹಾಕ್ತಾರಂತೆ. ಬೀದಿ ಹೆಂಗಸ್ರೆಲ್ಲ ಬ್ಯಾಡ ಅಂತ ಅರ್ಜಿಗೆ ಸೈನ್ ಹಾಕ್ತಾವ್ರೆ. ನಿಮ್ಮೂರಲ್ಲಿ ಮುಂದೆ ನಿಂತು ಮಾಡ್ಸಿದ್ದು ನೀನೇ ತಾನೆ? ಹೆಂಗೆ ಬರ್ಯೋದು ಹೇಳು" ಅಂದ್ಲು. ನಂಗೆ ತಕ್ಷಣ ಮಾತು ಹೊರಡ್ನಿಲ್ಲ. ಅರ್ಜಿ ಬರ್ದಿದ್ದು ನಾನೇ, ನಿಜ. ಆ ಅರ್ಜಿಯಿಂದ ನನ್ನ ವಾರ್ಗಿತ್ತಿ ಎಂಟು ತಿಂಗ್ಳು ನನ್ ಜೊತೆ ಮಾತಾಡ್ನಿಲ್ಲ, ಅದೂ ನಿಜ. ಎರಡನ್ನೂ ಫೋನಲ್ಲಿ ಹೇಳಕ್ಕೆ ಆಗ್ನಿಲ್ಲ. ಅದ್ಕೇ ಇಲ್ಲಿ ಬರೀತಾ ಇವ್ನಿ. ತಂಗಿ ಓದ್ಲಿ, ನೀವೂ ಓದಿ.

ನಮ್ಮ ದೊಡ್ಡಆಲಹಳ್ಳಿ ನಿಮಗೆಲ್ಲ ಗೊತ್ತಿರೋದೇ. ಕನಕಪುರದಿಂದ ಸಂಗಮ, ಮೇಕೆದಾಟಿಗೆ ಹೋಗೋರು ನೋಡೇ ಇರ್ತೀರ. ಸುತ್ತಮುತ್ತ ಗುಡ್ಡ, ಬಂಡೆ. ನಮ್ಮ ಬೀದಿ ಇರೋದು ಊರಿನ ಕೊನೇಲಿ. ಅಲ್ಲಿ ಫೋನ್ ಹಿಡಿದ್ರೆ ಒಂದು ಕಡ್ಡಿ ಸಿಗ್ನಲ್ ಬಂದ್ರೆ ಪುಣ್ಯ. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯ್ತಲ್ಲ, ಎರಡು ಸಾವಿರ ಬಂತಾ ಇಲ್ವಾ ಅಂತ ಮೆಸೇಜ್ ನೋಡಕ್ಕೆ ಮೊಣಕಾಲು ನೋವಿನೋರೂ ಮಾಳಿಗೆ ಹತ್ತೋರು. ರೇಷನ್ ಅಂಗ್ಡೀಲಿ ಹೆಬ್ಬೆಟ್ಟು ಒತ್ತಿ, ಸರ್ವರ್ ಬರ್ಲಿ ಅಂತ ಬಿಸ್ಲಲ್ಲಿ ನಿಲ್ಲೋದು. "ಒಂದು ಟವರ್ ಹಾಕ್ಸಕ್ಕೆ ಯೋಗ್ಯತೆ ಇಲ್ವಲ್ಲ ಯಾರ್ಗೂ" ಅಂತ ಬೈತಿದ್ದೋರಲ್ಲಿ ನಾನೂ ಒಬ್ಳು. ಇದನ್ನ ಮರೀಬಾರ್ದು, ಅದ್ಕೇ ಮೊದ್ಲೇ ಹೇಳ್ತಾ ಇವ್ನಿ.

ನನ್ನ ಮೈದುನ ತೀರ್ಕೊಂಡ ಮೇಲೆ ವಾರ್ಗಿತ್ತಿ ಇಬ್ರು ಹೆಣ್ಮಕ್ಳನ್ನ ಒಬ್ಳೇ ಸಾಕ್ತಾವ್ಳೆ. ಸಂಘದ ಸಾಲ, ಕಾಲೇಜು ಫೀಸು, ಅರ್ಧ ಎಕ್ರೆ ಹಿಪ್ಪುನೇರಳೆ. ಅವಳ ಹಿತ್ಲು ನಮ್ಮ ಮನೆಗೂ ಅವಳ ಮನೆಗೂ ನಡುವೆ ಅದೆ. 2023ರ ಕೊನೇಲಿ ಒಂದು ಕಂಪ್ನಿಯೋರು ಬಂದು ಅಲ್ಲಿ ಟವರ್ ಹಾಕ್ತೀವಿ, ತಿಂಗಳಿಗೆ ಬಾಡಿಗೆ ಕೊಡ್ತೀವಿ ಅಂದ್ರು. ಅವಳು ಒಪ್ಕೊಂಡು ಅಗ್ರಿಮೆಂಟು ಮಾಡ್ಕೊಂಡ್ಳು. ನಂಗೊಂದು ಮಾತು ಹೇಳ್ನಿಲ್ಲ. ಜೆಸಿಬಿ ಬಂದು ಗುಂಡಿ ತೋಡ್ದಾಗ್ಲೇ ನಂಗೆ ಗೊತ್ತಾಗಿದ್ದು.

ಆಗ ನನ್ನ ಮಗಳು ಬಸುರಿ, ಹೆರಿಗೆಗೆ ಅಂತ ಮನೆಗೆ ಬಂದಿದ್ಲು. ಫೋನಿಗೆ ಒಂದರ ಹಿಂದೆ ಒಂದು ವಿಡಿಯೋ ಬರೋವು. ಟವರ್ ಹತ್ರ ಇದ್ರೆ ಕ್ಯಾನ್ಸರ್ರು, ಗರ್ಭ ನಿಲ್ಲಲ್ಲ, ಗುಬ್ಬಚ್ಚಿ ಸಾಯ್ತವೆ, ರೇಷ್ಮೆ ಹುಳ ಗೂಡು ಕಟ್ಟಲ್ಲ. ನಾನು ಹೆದ್ರಿದ್ದು ಸುಳ್ಳಲ್ಲ. ಆದ್ರೆ ಹೆದ್ರಿಕೆಗಿಂತ ಒಂದು ಕೈ ಹೆಚ್ಚಾಗಿ ಇದ್ದದ್ದು ಸಿಟ್ಟು, "ನನ್ನ ಕೇಳ್ದೆ ಮಾಡುದ್ಲಲ್ಲ" ಅನ್ನೋ ಸಿಟ್ಟು. ಆ ಸಿಟ್ಟನ್ನೇ ಹೆದ್ರಿಕೆ ಅಂತ ಎಲ್ಲರ್ಗೂ ತೋರುಸ್ದೆ.

ಅರ್ಜಿ ಬರ್ದೆ. ವಿಡಿಯೋದಲ್ಲಿ ಕೇಳಿದ್ದನ್ನೆಲ್ಲ ಅದ್ರಲ್ಲಿ ತುಂಬುಸ್ದೆ. ಮೂವತ್ತೆರಡು ಜನ ಸೈನ್ ಹಾಕುದ್ರು. ಗ್ರಾಮಸಭೇಲಿ ಎದ್ದು ನಿಂತು ಓದ್ದೆ. ವಾರ್ಗಿತ್ತಿ ಹಿಂದ್ಗಡೆ ಸಾಲಲ್ಲಿ ತಲೆ ಬಗ್ಗಿಸ್ಕೊಂಡು ಕೂತಿದ್ಲು.

ಪಂಚಾಯ್ತಿಯೋರು ಸಮಾಧಾನವಾಗೇ ಹೇಳುದ್ರು. ಟವರ್ ಹಾಕೋಕೆ ಜಾಗ ಬಳಸೋ ಬಗ್ಗೆ 2016ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡ್ತು. ಅದಕ್ಕೆ 2022ರ ಆಗಸ್ಟಲ್ಲಿ ತಿದ್ದುಪಡಿ ಬಂತು. ಅದ್ರ ಪ್ರಕಾರ ಖಾಸಗಿ ಜಾಗ್ದಲ್ಲಿ ಟವರ್ ಹಾಕೋಕೆ ಸ್ಥಳೀಯ ಆಡಳಿತದ ಅನುಮತಿ ಬೇಕಿಲ್ಲ. ಕೆಲಸ ಶುರು ಮಾಡೋಕೆ ಮುಂಚೆ ಬರವಣಿಗೇಲಿ ಮಾಹಿತಿ ಕೊಡ್ಬೇಕು, ಕಟ್ಟೋದು ಗಟ್ಟಿ ಅದೆ ಅಂತ ಇಂಜಿನಿಯರ್ ಸರ್ಟಿಫಿಕೇಟು ಕೊಡ್ಬೇಕು. ಅಷ್ಟೇ. ಸರ್ಕಾರಿ ಜಾಗ ಆಗಿದ್ರೆ ಬೇರೆ ಮಾತು, ಅಲ್ಲಿ ಅರ್ಜಿ, ಅನುಮತಿ ಎಲ್ಲ ಅದೆ. "ನಿಮ್ಮ ಅರ್ಜಿ ತಗೋತೀವಿ, ಮೇಲಕ್ಕೆ ಕಳುಸ್ತೀವಿ. ಆದ್ರೆ ನಾವು ಬ್ಯಾಡ ಅನ್ನಂಗಿಲ್ಲ ಅಮ್ಮ" ಅಂದ್ರು. ಈಗ ಆ ನಿಯಮಾನೂ ಹಳೇದು. 2023ರ ದೂರಸಂಪರ್ಕ ಕಾಯ್ದೆ ಕೆಳಗೆ ಹೊಸ ನಿಯಮ ಬಂದು, 2025ರ ಜನವರಿ 1ರಿಂದ ಜಾರಿಯಾಗದೆ. ಅದ್ರಲ್ಲೂ ಖಾಸಗಿ ಜಾಗ ಅಂದ್ರೆ ಜಾಗದೋರ ಜೊತೆ ಆಗೋ ಒಪ್ಪಂದಾನೇ ಮುಖ್ಯ.

ಅಂದ್ರೆ ಪಕ್ಕದ ಮನೆಯೋರ ಸೈನಿಗೆ ಅಲ್ಲಿ ಜಾಗಾನೇ ಇಲ್ಲ. ಇದು ಸರಿಯಾ ಅಂತ ನೀವು ಕೇಳ್ಬೋದು. ನಂಗೆ ಈಗ್ಲೂ ಪೂರ್ತಿ ಸರಿ ಅನ್ಸಲ್ಲ. ಪಕ್ಕದೋರ್ಗೆ ಮುಂಚೆ ಒಂದು ಮಾತು ತಿಳುಸ್ಬೇಕು ಅನ್ನೋದಾದ್ರೂ ಇರ್ಬೇಕಿತ್ತು. ಆದ್ರೆ ಇಲ್ಲದೇ ಇರೋ ಹಕ್ಕನ್ನ ಅದೆ ಅಂತ ತಿಳ್ಕೊಂಡು ನಾನು ಕಳ್ಕೊಂಡಿದ್ದು ಇರೋ ನೆಂಟಸ್ತಿಕೇನ.

ಫೆಬ್ರವರೀಲಿ ಮಗಳ ಸೀಮಂತ. ಕರ್ಯಕ್ಕೆ ಹೋದೆ. ವಾರ್ಗಿತ್ತಿ ಕುಂಕುಮ ತಗೊಂಡ್ಳು, ಬಾಯಿ ಬಿಡ್ನಿಲ್ಲ. ಬರ್ಲೂ ಇಲ್ಲ. ಹುಟ್ಟಿದಾಗಿಂದ ಎತ್ತಾಡ್ಸಿದ ಮಗೂನ ಸೀಮಂತಕ್ಕೆ ಚಿಕ್ಕಮ್ಮ ಇಲ್ಲ.

ಮಾರ್ಚಲ್ಲಿ ನಮ್ಮ ರೇಷ್ಮೆ ಬೆಳೆ ಕೆಟ್ಟೋಯ್ತು. ಹುಳ ಹಣ್ಣಾಗೋ ಹೊತ್ಗೆ ಸಾಯಕ್ಕೆ ಶುರುವಾದ್ವು. ಚಂದ್ರಿಕೆಗೆ ಬಿಟ್ಟಿದ್ರಲ್ಲಿ ಅರ್ಧಾನೂ ಗೂಡಾಗ್ನಿಲ್ಲ. ನಾನು ಬೀದೀಲಿ ನಿಂತು, ಅವಳಿಗೆ ಕೇಳೋ ಹಂಗೆ, "ನೋಡ್ರವ್ವ, ಟವರ್ ಬಂತು, ಹುಳ ಹೋಯ್ತು" ಅಂದೆ. ನಂಗೆ ದಿನಾ ತಲೆನೋವೂ ಬರೋದು. ರೇಷ್ಮೆ ಇಲಾಖೆಯೋರು ಬಂದು ಹುಳ ನೋಡಿ, ಮೈಮೇಲಿನ ಕಪ್ಪು ಚುಕ್ಕೆ ತೋರ್ಸಿ, "ಇದು ಊಜಿ ನೊಣ ಕಣಮ್ಮ, ಕಿಟಕಿ ಪರದೆ ಹರ್ದದೆ ನೋಡಿ" ಅಂದ್ರು. ಹೌದು, ಹರ್ದಿತ್ತು. ಅದೇ ವಾರ ಟವರ್ ಕೆಲಸದ ಹುಡುಗ ನೀರು ಕೇಳಕ್ಕೆ ಮನೆಗೆ ಬಂದ. ಮಾತಿಗೆ ಮಾತು ಬಂದು ಹೇಳ್ದ, "ಇನ್ನೂ ಕರೆಂಟೇ ಕೊಟ್ಟಿಲ್ಲ ಅಮ್ಮ, ಆನ್ ಆಗೋದು ಮೇ ತಿಂಗ್ಳಿಗೆ." ನನ್ನ ಕೈಲಿದ್ದ ಚೊಂಬು ಹಂಗೇ ನಿಂತೋಯ್ತು. ಬರೀ ಕಬ್ಬಿಣಕ್ಕೆ ನಾನು ತಲೆನೋವು ಬರ್ಸ್ಕೊಂಡಿದ್ದೆ.

ಆಮೇಲೆ ಗೊತ್ತಾಯ್ತು, ನಾನೊಬ್ಳೇ ಅಲ್ಲ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಹತ್ರ ಕ್ರೇಗಾವನ್ ಅನ್ನೋ ಕಡೆ 2009ರಲ್ಲಿ ಜನ ಟವರಿನಿಂದ ತಲೆನೋವು, ಗಂಧೆ ಅಂತ ಗಲಾಟೆ ಮಾಡುದ್ರಂತೆ. ಕಂಪ್ನಿಯೋರು ಕೊನೆಗೆ, ಟವರ್ ಆಫ್ ಮಾಡಿ ಆರು ವಾರ ಆಯ್ತು ಅಂದ್ರಂತೆ. ಆ ಜನ ಸುಳ್ಳು ಹೇಳುದ್ರು ಅಂತ ನಾನಂತೂ ಅನ್ನಲ್ಲ. ನನ್ನ ತಲೆನೋವೂ ಸುಳ್ಳಲ್ಲ. ಅದ್ರ ಬೇರು ಬೇರೆ ಕಡೆ ಇತ್ತು, ಅಷ್ಟೇ.

ಏಪ್ರಿಲಲ್ಲಿ ಮೊಮ್ಮಗ ಹುಟ್ಟುದ. ಮೇನಲ್ಲಿ ಟವರ್ ಆನ್ ಆಯ್ತು. ಈಗ ನಿಜವಾದ ಭಯ ಶುರುವಾಯ್ತು, ಹಸುಗೂಸು ಮನೇಲಿ ಅದೆಯಲ್ಲ. ಒಂದಿನ ವಾರ್ಗಿತ್ತಿ ದೊಡ್ಡ ಮಗಳು, ಕಾಲೇಜಿಗೆ ಹೋಗೋಳು, ಅವ್ವನ ಕಣ್ತಪ್ಸಿ ಬಂದು, "ದೊಡ್ಡವ್ವ, ಸುಮ್ನೆ ಹೆದ್ರೋದ್ಯಾಕೆ, ಅಳ್ತೆ ಮಾಡ್ಸು" ಅಂದ್ಲು. ಕೇಂದ್ರದ ದೂರಸಂಪರ್ಕ ಇಲಾಖೆ 2017ರಲ್ಲಿ 'ತರಂಗ್ ಸಂಚಾರ್' ಅಂತ ಒಂದು ಜಾಲತಾಣ ಮಾಡದೆ. ನಿಮ್ಮ ಸುತ್ತ ಎಲ್ಲೆಲ್ಲಿ ಟವರ್ ಅವೆ, ಅವು ಮಿತಿಯೊಳಗೆ ಅವೆಯಾ ಅಂತ ಅದ್ರಲ್ಲಿ ನೋಡ್ಬೋದು. 4000 ರೂಪಾಯಿ ಕಟ್ಟುದ್ರೆ ಇಲಾಖೆಯೋರೇ ನಾವು ಹೇಳಿದ ಜಾಗಕ್ಕೆ ಬಂದು ಅಳೀತಾರೆ. ಸಂಘದಲ್ಲಿ ಮಾತಾಡ್ದೆ. ಇಪ್ಪತ್ತು ಮನೆ, ಮನೆಗೆ ಇನ್ನೂರು. ಕೊಟ್ಟೋರಲ್ಲಿ ವಾರ್ಗಿತ್ತೀನೂ ಒಬ್ಳು. ದುಡ್ಡು ಕೊಟ್ಳು, ಮಾತು ಕೊಡ್ನಿಲ್ಲ.

ಮೀಟರ್ ಹಿಡ್ಕೊಂಡು ಬಂದೋರು ತೊಟ್ಟಿಲಿದ್ದ ಕೋಣೇಲೂ ಅಳೆದ್ರು, ಮಾಳಿಗೆ ಮೇಲೂ ಅಳೆದ್ರು. ಎಲ್ಲ ಕಡೆ ಮಿತಿಗಿಂತ ತೀರಾ ಕೆಳಗಿತ್ತು. ಮಿತಿ ಅಂದ್ರೇನು ಅಂತಾನೂ ಬುಡುಸಿ ಹೇಳುದ್ರು. ಅಂತರರಾಷ್ಟ್ರೀಯ ಸಂಸ್ಥೆ ಹಾಕಿರೋ ಮಿತಿಯ ಹತ್ತರಲ್ಲಿ ಒಂದು ಪಾಲನ್ನ ನಮ್ಮ ದೇಶ 2012ರ ಸೆಪ್ಟೆಂಬರ್ 1ರಿಂದ ಇಟ್ಕೊಂಡದೆ. 900 ಮೆಗಾಹರ್ಟ್ಸ್ ಸಿಗ್ನಲ್ಲಿಗೆ ಹೊರ್ಗಡೆ ಮಿತಿ ಒಂದು ಚದರ ಮೀಟರಿಗೆ 4.5 ವ್ಯಾಟು, ನಮ್ಮಲ್ಲಿ 0.45 ವ್ಯಾಟು. ಇನ್ನೊಂದು ಮಾತು: ಟವರಿನ ಆಂಟೆನಾ ನಮ್ಮ ಬ್ಯಾಟ್ರಿ ಲೈಟ್ ಇದ್ದಂಗೆ. ಬೆಳಕು ಮುಂದಕ್ಕೆ ದೂರ ಹೋಗ್ತದೆ, ಬುಡದಲ್ಲಿ ಕಮ್ಮಿ. ದೂರ ಎರಡರಷ್ಟಾದ್ರೆ ಶಕ್ತಿ ನಾಲ್ಕನೇ ಒಂದು ಪಾಲಿಗೆ ಇಳೀತದೆ. ಕಿವಿಗೆ ಒತ್ಕೊಂಡಿರೋ ಫೋನಿದ್ಯಲ್ಲ, ಸಿಗ್ನಲ್ ಕಮ್ಮಿ ಇದ್ದಷ್ಟೂ ಅದು ಜೋರಾಗಿ ಕೂಗ್ಬೇಕು. ಮಾಳಿಗೆ ಮೇಲೆ ಒಂದು ಕಡ್ಡಿ ಸಿಗ್ನಲ್ಲಲ್ಲಿ ಮಾತಾಡ್ವಾಗ ಫೋನ್ ಬಿಸಿಯಾಗ್ತಿದ್ದದ್ದು ಆಗ ಜ್ಞಾಪಕ ಬಂತು.

ಹಂಗಂತ ಹೆದರೋರನ್ನ ದಡ್ರು ಅನ್ನಬ್ಯಾಡಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಅಲೆಗಳನ್ನ 'ಕ್ಯಾನ್ಸರ್ ತರಬಹುದೇನೋ' ಅನ್ನೋ ಗುಂಪಿಗೆ ಸೇರುಸ್ತು. ಲೋಳೆಸರದ ಇಡೀ ಎಲೆಯ ಸಾರಾನೂ ಅದೇ ಗುಂಪಲ್ಲದೆ. ಅಂದ್ರೆ ಸಾಕ್ಷಿ ಸಾಲ್ದು, ಆದ್ರೆ ಪೂರ್ತಿ ತಳ್ಳಿ ಹಾಕಕ್ಕೂ ಆಗಲ್ಲ ಅಂತ. 2017ರಲ್ಲಿ ಗ್ವಾಲಿಯರಿನ ಒಬ್ರು ಮನೆಗೆಲಸದೋರು, ಹತ್ರದ ಟವರಿನಿಂದ ಕ್ಯಾನ್ಸರ್ ಬಂತು ಅಂದಾಗ ಸುಪ್ರೀಂ ಕೋರ್ಟೇ ಆ ಟವರ್ ನಿಲ್ಸಿ ಅಂತು. 2024ರಲ್ಲಿ ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿ ಮಾಡ್ಸಿದ ದೊಡ್ಡ ಪರಿಶೀಲನೇಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣ್ಲಿಲ್ಲ ಅಂತ ಬಂತು. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿ ನನ್ನ ಮನ್ಸಿಗೆ ನೆಮ್ದಿ ಆಯ್ತು. ನಿಮಗೆ ಆಗ್ದಿದ್ರೆ ಅಳ್ಸಿ ನೋಡಿ.

ನಿಜವಾದ ತೊಂದ್ರೆ ನಾವು ಯೋಚ್ನೇನೇ ಮಾಡ್ದೇ ಇದ್ದ ಕಡೆಯಿಂದ ಬಂತು. ಕರೆಂಟ್ ಹೋದಾಗೆಲ್ಲ ಟವರಿನ ಡೀಸೆಲ್ ಜನರೇಟರ್ ಗುಡುಗುಡು ಅನ್ನೋದು. ಅದನ್ನ ನಮ್ಮ ಗೋಡೆಗೆ ಅಂಟಿದಂಗೆ ಇಟ್ಟಿದ್ರು. ರಾತ್ರಿ ಮಗು ಬೆಚ್ಚಿ ಬೀಳೋದು, ಬಾಣಂತಿಗೆ ನಿದ್ದೆ ಇಲ್ಲ, ಹೊಗೆ ಒಳಗೇ. ಮೂವತ್ತೆರಡು ಸೈನ್ ಹಾಕ್ಸಿದ ಅರ್ಜೀಲಿ ಜನರೇಟರ್ ಅನ್ನೋ ಪದಾನೇ ಇರ್ಲಿಲ್ಲ! ಇದಕ್ಕೆ ಕಾನೂನು ಗಟ್ಟಿಯಾಗೇ ಅದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಮನೆಗಳಿರೋ ಕಡೆ ಹಗಲು 55, ರಾತ್ರಿ 45 ಡೆಸಿಬಲ್ ಮೀರಂಗಿಲ್ಲ. ಜನರೇಟರಿಗೆ ಶಬ್ದ ತಡೆಯೋ ಪೆಟ್ಟಿಗೆ ಇರ್ಬೇಕು. ನಾನು ಕಂಪ್ನಿಗೆ ಫೋನ್ ಮೇಲೆ ಫೋನ್ ಮಾಡ್ದೆ. "ನೋಡ್ತೀವಿ ಮೇಡಂ" ಅನ್ನೋದು ಬಿಟ್ರೆ ಏನೂ ಇಲ್ಲ.

ಆಗ ತಲೆಗೆ ಹೊಳೀತು. ಅವ್ರು ಯಾರ ಮಾತು ಕೇಳ್ತಾರೆ? ಅಗ್ರಿಮೆಂಟಿಗೆ ಸೈನ್ ಹಾಕ್ದೋಳ ಮಾತು.

ಸಂಜೆ ಮೊಮ್ಮಗನ್ನ ಎತ್ಕೊಂಡು ವಾರ್ಗಿತ್ತಿ ಮನೆಗೆ ಹೋದೆ. ಅವಳು ಒಲೆ ಮುಂದೆ ಹಿಟ್ಟು ತಿರುವ್ತಾ ಇದ್ಲು. "ಅಮ್ಮಿ, ನಿನ್ನ ಹಿತ್ಲ ಜನರೇಟರ್ ಈ ಮಗೂನ ಮಲಗಕ್ಕೆ ಬಿಡ್ತಾ ಇಲ್ಲ. ನೀನೊಂದು ಮಾತು ಹೇಳು" ಅಂದೆ. ಹಿಟ್ಟಿನ ಕೋಲು ಅಲ್ಲೇ ಬಿಟ್ಟು ಕೈ ಒರುಸ್ಕೊಂಡು ಮಗೂನ ಇಸ್ಕೊಂಡ್ಳು. ಆಮೇಲೆ ಅಂದ್ಲು, "ಅಕ್ಕ, ಸಭೇಲಿ ಅಷ್ಟು ಜನದ ಮುಂದೆ ಓದ್ದಲ್ಲ, ಅದಕ್ಕೆ ಮುಂಚೆ ಹಿಂಗೇ ಒಂದಿನ ಬಂದು ನನ್ನ ಕೇಳ್ಬೋದಾಗಿತ್ತು." ನಾನು, "ನೀನೂ ಗುಂಡಿ ತೋಡೋಕೆ ಮುಂಚೆ ಬಂದು ಹೇಳ್ಬೋದಾಗಿತ್ತು ಕಣಮ್ಮಿ" ಅಂದೆ. "ಹೇಳಿದ್ರೆ ಬ್ಯಾಡ ಅಂತಿದ್ದೆ ನೀನು. ಫೀಸ್ ಕಟ್ಟೋಕೆ ನಂಗೆ ಬೇರೆ ದಾರಿ ಇರ್ಲಿಲ್ಲ" ಅಂದ್ಲು. ಅದಕ್ಕೆ ನನ್ನ ಹತ್ರ ಉತ್ರ ಇರ್ಲಿಲ್ಲ. ಹಿಟ್ಟು ತಳ ಹತ್ತಿತ್ತು. ಇಬ್ರೂ ಅದನ್ನೇ ಸಾರಿಗೆ ಅದ್ಕೊಂಡು ಉಂಡ್ವಿ.

ಅವಳು ಫೋನ್ ಮಾಡಿದ ಮೂರನೇ ವಾರಕ್ಕೆ ಜನರೇಟರ್ ಹಿತ್ಲ ಆಚೆ ಮೂಲೆಗೆ ಹೋಯ್ತು, ಪೆಟ್ಟಿಗೇನೂ ಬಂತು.

ತಂಗಿ, ಈಗ ನಿನ್ನ ಪ್ರಶ್ನೆಗೆ ಉತ್ರ. ಅರ್ಜಿ ಬ್ಯಾಡ ಅನ್ನಲ್ಲ. ಆದ್ರೆ ಮೊದ್ಲು ಜಾಗದೋರ ಮನೆಗೆ ಹೋಗು, ಕೈ ಬೀಸ್ಕೊಂಡು ಹೋಗ್ಬ್ಯಾಡ, ಬಾಳೆಹಣ್ಣಾದ್ರೂ ತಗೊಂಡೋಗು. ಅಗ್ರಿಮೆಂಟಿಗೆ ಸೈನ್ ಬೀಳೋಕೆ ಮುಂಚೆ ನಾಕು ಮಾತು ಕೇಳು: ಜನರೇಟರ್ ಯಾವ ಕಡೆ ಇಡ್ತಾರೆ, ಶಬ್ದ ತಡೆಯೋ ಪೆಟ್ಟಿಗೆ ಅದೆಯಾ, ಇಂಜಿನಿಯರ್ ಸರ್ಟಿಫಿಕೇಟು ತೋರುಸ್ತಾರಾ, ತೊಂದ್ರೆ ಆದ್ರೆ ಫೋನ್ ಮಾಡಕ್ಕೆ ನಂಬರ್ ಯಾವ್ದು. ಅವನ್ನ ಅಗ್ರಿಮೆಂಟಲ್ಲೇ ಬರ್ಸಕ್ಕೆ ಹೇಳು. ಆನ್ ಆದ್ಮೇಲೆ ಬೀದಿಯೋರೆಲ್ಲ ದುಡ್ಡು ಹಾಕಿ ಅಳ್ಸಿ.

ಇನ್ನೊಂದು. ವಾರ್ಗಿತ್ತಿಗೆ ಬಾಡಿಗೆ ಬರೋದು ನೋಡಿ ನಮ್ಮೂರಲ್ಲಿ ಸುಮಾರು ಜನಕ್ಕೆ ಟವರ್ ಆಸೆ ಬಂದದೆ. ಫೋನಿಗೆ ಬರ್ತದಲ್ಲ, "ನಿಮ್ಮ ಜಾಗ್ದಲ್ಲಿ ಟವರ್, ಲಕ್ಷಾಂತರ ಅಡ್ವಾನ್ಸು, ಮೊದ್ಲು ಟ್ಯಾಕ್ಸ್ ಕಟ್ಟಿ" ಅಂತ, ಅದು ಮೋಸ. ಟ್ರಾಯ್ ಆಗ್ಲಿ, ದೂರಸಂಪರ್ಕ ಇಲಾಖೆ ಆಗ್ಲಿ ಟವರಿಗೆ ಅಂತ ಜಾಗದೋರ ಹತ್ರ ದುಡ್ಡು ಕಟ್ಟಿಸ್ಕೊಳ್ಳಲ್ಲ, ಎನ್‌ಒಸಿ ಕೊಡಲ್ಲ. ಒಂದು ರೂಪಾಯೀನೂ ಕಳುಸ್ಬ್ಯಾಡಿ.

ಇದನ್ನ ಬರ್ದು ಮುಗ್ಸಿ ವಾರ್ಗಿತ್ತಿಗೆ ಓದಿ ಹೇಳ್ದೆ. "ಎಲ್ಲ ಸರಿ ಅಕ್ಕ, ಹಿಟ್ಟು ತಳ ಹತ್ತಿದ್ದನ್ನ ಯಾಕೆ ಬರ್ದೆ?" ಅಂದ್ಲು.