ಬೀಳುನೆಲದಲ್ಲಿ ಬೈಸಿಕಲ್ಲಿನ ಮೇಲೆ

ನೆಲದ ಗುಣವನ್ನು ತಿಳಿಯುವುದಕ್ಕೆ ಕಾಲ್ನಡಿಗೆಯಂಥ ಉಪಾಯವಿಲ್ಲವೆಂದು ಹಿರಿಯರು ಹೇಳುವರು. ಮಾತು ನಿಜವೆ. ಆದರೆ ಅರುವತ್ತು ದಾಟಿದವನ ಮೊಣಕಾಲಿಗೆ ದಿನಕ್ಕೆ ಹತ್ತು ಹರದಾರಿ ನಡಿಗೆ ಒಗ್ಗುವುದಿಲ್ಲ. ಮೋಟಾರಿನಲ್ಲಿ ಕುಳಿತವನಿಗಾದರೋ ನೆಲವು ಕಿಟಕಿಯಾಚೆಯ ಚಿತ್ರವಾಗಿ ಓಡಿಹೋಗುವುದೇ ಹೊರತು ಅದರ ಏರು-ತಗ್ಗು, ಒದ್ದೆ-ಒಣಗಲು ಮೈಗೆ ತಿಳಿಯುವುದಿಲ್ಲ. ಇವೆರಡರ ನಡುವಣ ಮಧ್ಯಮಮಾರ್ಗವು ಬೈಸಿಕಲ್ಲು. ಅದರಲ್ಲಿಯೂ ಈಚೆಗೆ ಬಳಕೆಗೆ ಬಂದಿರುವ ಗ್ರ್ಯಾವೆಲ್ ಬೈಕು ಎಂಬ ಜಾತಿಯದನ್ನು ನಾನು ಹಾಲೆಂಡಿನ ಈಶಾನ್ಯ ಮೂಲೆಯಲ್ಲಿರುವ ಡ್ರೆಂಥೆ ಪ್ರಾಂತದಲ್ಲಿ ಎರಡು ದಿನ ತುಳಿದು ನೋಡಿದೆನು. ಅಲ್ಲಿಯ ಆಸೆನ್ ಪಟ್ಟಣದಲ್ಲಿ ನನ್ನ ಮಗಳು ಸಂಸಾರ ಹೂಡಿರುವಳು.

ಈ ಬೈಸಿಕಲ್ಲಿನ ಹಿಡಿಯು ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿರುವುದು. ಟಯರು ಸುಮಾರು 40 ಮಿಲಿಮೀಟರು ಅಗಲ. ಅದಕ್ಕೆ ಗಾಳಿಯನ್ನು ಬಿಗಿಯಾಗಿ ತುಂಬದೆ ಕೊಂಚ ಸಡಿಲವಾಗಿಯೇ ಬಿಡುವರು. ಆದುದರಿಂದ ಅದು ಹರಳುಕಲ್ಲು, ಮರಳು, ಬೇರುಗಳ ಮೇಲೆ ಸಹ ಜಾರದೆ ಹೋಗುವುದು. ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಎಂಪೋರಿಯಾ ಊರಿನಲ್ಲಿ 2006ರಲ್ಲಿ ಮೊದಲಾದ ಇನ್ನೂರು ಮೈಲಿಯ ಪಂದ್ಯವು ಇಂಥ ಬೈಸಿಕಲ್ಲಿಗೆ ಹೆಸರು ತಂದಿತು. ಪಂದ್ಯದ ಗೊಡವೆ ನಮಗೆ ಬೇಕಾಗಿರಲಿಲ್ಲ. ಆ ಸೀಮೆಯಲ್ಲಿ ಹಾದಿ ಕೂಡುವ ಕಡೆಗಳಲ್ಲೆಲ್ಲ ಒಂದೊಂದು ಸಂಖ್ಯೆಯ ಫಲಕವುಂಟು. 1995ರಲ್ಲಿ ಬೆಲ್ಜಿಯಮ್ಮಿನ ಲಿಂಬರ್ಗ್ ಪ್ರಾಂತದಲ್ಲಿ ಹುಟ್ಟಿದ ಏರ್ಪಾಡಿದು. ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ದಾರಿ ಕೇಳುವ ಅಗತ್ಯವಿಲ್ಲ.

ಹೊರಡುವ ಹಿಂದಿನ ರಾತ್ರಿ ಊರಿನಿಂದ ನನ್ನ ತಮ್ಮನ ಮಗನ ಪತ್ರ ಬಂದಿದ್ದಿತು. ನಮ್ಮದು ಸಿದ್ದಾಪುರದ ಕಡೆಯ ಅಡಿಕೆಯ ಮನೆತನ. ಮಕ್ಕಳೆಲ್ಲ ಹೊರಗೆ ಹೋದ ಮೇಲೆ ತೋಟದಲ್ಲಿ ಉಳಿದವನು ಅವನೊಬ್ಬನೆ. ತೋಟದ ತಲೆಯಲ್ಲಿ, ಹಳ್ಳ ಹುಟ್ಟುವ ಕಡೆ, ನಮ್ಮ ಖಾತೆಗೇ ಸೇರಿದ ಒಂದು ರಾಮಪತ್ರೆಯ ಜಡ್ಡಿಯುಂಟು. ವರುಷವೆಲ್ಲ ನೀರು ನಿಲ್ಲುವ ಆ ಕೆಸರಿನಲ್ಲಿ ಮರಗಳ ಬೇರುಗಳು ಮಂಡಿಯೂರಿದಂತೆ ಮೇಲಕ್ಕೆದ್ದು ನಿಂತಿರುವುವು. ಬಸಿಗಾಲುವೆ ತೋಡಿ ಅದನ್ನು ಒಣಗಿಸಿದರೆ ಇನ್ನೊಂದು ಎಕರೆ ತೋಟ ಎಬ್ಬಿಸಬಹುದು, ತಮ್ಮ ಒಪ್ಪಿಗೆ ಬೇಕು, ಎಂದು ಅವನು ಬರೆದಿದ್ದನು. ಕೇಳಿದ್ದು ಅನ್ಯಾಯವಲ್ಲ. ಪತ್ರವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಹೊರಟೆನು.

ಮೊದಲ ದಿನ ಡ್ವಿಂಗೆಲ್‌ಡರ್‌ವೆಲ್ಡ್ ಎಂಬ ಬಯಲಿಗೆ ಹೋದೆವು. ಸುಮಾರು 3,700 ಹೆಕ್ಟೇರ್ ವಿಸ್ತಾರದ ಈ ಪ್ರದೇಶವು 1991ರಿಂದ ರಾಷ್ಟ್ರೀಯ ಉದ್ಯಾನವಾಗಿರುವುದು. ಆಗಸ್ಟಿನ ಕಡೆಯ ವಾರವಾದುದರಿಂದ ಹೀದರ್ ಎಂಬ ಕುಳ್ಳು ಗಿಡ ಹೂಬಿಟ್ಟು, ಕಣ್ಣು ಹರಿಯುವವರೆಗೂ ನೆಲವು ನೇರಳೆಯಾಗಿದ್ದಿತು. ನಡುನಡುವೆ ಕಪ್ಪು ನೀರಿನ ಹೊಂಡಗಳು. ಇದು ದೇವರು ಮಾಡಿಟ್ಟ ತೋಟವೆಂದೇ ನೋಡಿದವನು ತಿಳಿಯುವನು. ಆದರೆ ಈ ಬಯಲು ಬಹುಮಟ್ಟಿಗೆ ಮನುಷ್ಯನ ಕೈಕೆಲಸ. ಹಿಂದೆ ಇಲ್ಲಿಯ ರೈತರು ಕುರಿಗಳನ್ನು ಬಯಲಲ್ಲಿ ಮೇಯಿಸಿ, ಗಿಡಸಮೇತ ಮೇಲ್ಮಣ್ಣಿನ ಹೆಂಟೆಗಳನ್ನು ಕೊಯ್ದು ತಂದು ಕುರಿಹಟ್ಟಿಯಲ್ಲಿ ಹಾಸುತ್ತಿದ್ದರು. ಹಿಕ್ಕೆಯೊಡನೆ ಬೆರೆತ ಆ ಹಾಸು ಹೊಲಕ್ಕೆ ಗೊಬ್ಬರವಾಗುತ್ತಿದ್ದಿತು. ಶತಮಾನಗಳ ಕಾಲ ಹೀಗೆ ಮೇಯಿಸಿ ಕೊಯ್ದುದರಿಂದಲೇ ಮರವೇಳದೆ ಹೀದರ್ ಉಳಿಯಿತು. ಇದನ್ನು ಕೇಳಿದಾಗ ನನಗೆ ನಮ್ಮ ಸೊಪ್ಪಿನಬೆಟ್ಟವೇ ಕಣ್ಣಮುಂದೆ ಬಂದಿತು. ಬೆಟ್ಟದಿಂದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರ ತೋಟಕ್ಕೆ. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಒಂದೇ ಲೆಕ್ಕವನ್ನು ಬೇರೆ ಬೇರೆ ಮಾಡಿಕೊಂಡಿದ್ದುವು.

ರಾಸಾಯನಿಕ ಗೊಬ್ಬರ ಬಂದ ಮೇಲೆ ಅಲ್ಲಿ ಈ ಕೆಲಸ ನಿಂತಿತು. ಕೆಲಸ ನಿಂತೊಡನೆ ಬಯಲಿನಲ್ಲಿ ಹುಲ್ಲೂ ಬರ್ಚ್ ಮರಗಳೂ ಏಳತೊಡಗಿದುವು. ಆದುದರಿಂದ ಈಗ ಕುರಿಯಿಂದ ಲಾಭವಿರಲಿ ಬಿಡಲಿ, ಬಯಲಿಗೋಸ್ಕರವೇ ಮಂದೆಗಳನ್ನು ಸಾಕುವರು. ಕೊಂಬಿನ ಕುರಿಗಳ ಅಂಥ ಒಂದು ಮಂದೆ ಹಾದಿಯನ್ನು ದಾಟುವವರೆಗೆ ನಾವು ಕಾಲೂರಿ ನಿಂತೆವು. ಕುರುಬನು ಅವಸರಿಸಲಿಲ್ಲ, ನಮಗೂ ಅವಸರವಿರಲಿಲ್ಲ.

ಎರಡನೆಯ ದಿನ ಆಸೆನ್ನಿನಿಂದ ಪಶ್ಚಿಮಕ್ಕೆ ವೇನ್‌ಹೌಸೆನ್ ಊರಿನ ಮೇಲೆ ಹೋದೆವು. 1818ರಲ್ಲಿ ಯೊಹಾನೆಸ್ ಫಾನ್ ಡೆನ್ ಬಾಸ್ ಎಂಬ ಸೇನಾಧಿಕಾರಿಯು ಬಡತನವನ್ನು ನೀಗಿಸಬೇಕೆಂದು ಒಂದು ಪರೋಪಕಾರಿ ಸಂಘವನ್ನು ಕಟ್ಟಿದನು. ಆ ಸಂಘವು 1823ರಲ್ಲಿ ವೇನ್‌ಹೌಸೆನ್ನಿನಲ್ಲಿ ಅನಾಥರನ್ನೂ ಭಿಕ್ಷುಕರನ್ನೂ ತಂದಿಟ್ಟು ಬೀಳುನೆಲವನ್ನು ಹಸನುಮಾಡಿಸತೊಡಗಿತು. ಉದ್ದೇಶವು ದಯೆ, ಅನುಭವಿಸಿದವರಿಗೆ ಅದು ಸೆರೆಮನೆ. ಮುಂದೆ ಊರೇ ಸೆರೆಮನೆಗಳ ಊರಾಯಿತು. ಈಗ ಅಲ್ಲೊಂದು ಕಾರಾಗೃಹದ ವಸ್ತುಸಂಗ್ರಹಾಲಯವುಂಟು. 2021ರಲ್ಲಿ ಈ ವಸಾಹತುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಹಳೆಯ ಔಷಧಾಲಯದ ಗೋಡೆಯ ಮೇಲೆ ‘ಕಹಿ ಮತ್ತು ಸಿಹಿ’ ಎಂದು ಅವರ ಭಾಷೆಯಲ್ಲಿ ಕೆತ್ತಿರುವುದನ್ನು ಮಗಳು ಓದಿ ಹೇಳಿದಳು. ಯುಗಾದಿಯ ಬೇವುಬೆಲ್ಲವು ನೆನಪಿಗೆ ಬಂದಿತು. ಆದರೆ ಅಲ್ಲಿ ದುಡಿದ ಮಕ್ಕಳ ಪಾಲಿಗೆ ಬೆಲ್ಲ ಎಷ್ಟು ಬಂದಿತ್ತೋ!

ಊರು ದಾಟಿದರೆ ಫಾಖ್ತೆಲೋರ್‌ವೇನ್ ಎಂಬ ಜೌಗುಭೂಮಿ. ವಿಸ್ತಾರ 2,000 ಹೆಕ್ಟೇರಿಗೂ ಹೆಚ್ಚು. ಇಲ್ಲಿ ನೆಲವೆಂದರೆ ಮಣ್ಣಲ್ಲ, ಪಾಚಿ. ಸ್ಫ್ಯಾಗ್ನಮ್ ಎಂಬ ಈ ಪಾಚಿಯು ತನ್ನ ಒಣತೂಕದ ಹತ್ತಾರು ಪಾಲು ನೀರನ್ನು ಹಿಡಿದಿಟ್ಟುಕೊಳ್ಳುವುದು. ಕೆಳಗಿನದು ನೀರಿನಲ್ಲಿ ಕೊಳೆಯದೆ ಉಳಿದು, ಮೇಲಿನದು ಬೆಳೆದು, ವರುಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಪೀಟ್ ಎಂಬ ಕಪ್ಪು ಪದರವಾಗುವುದು. ಎಂದರೆ ಒಂದು ಮೀಟರಿಗೆ ಸಾವಿರ ವರುಷ! ಕಾಲುವೆ ತೋಡಿ ನೀರು ಬಸಿದು, ಇದನ್ನು ಇಟ್ಟಿಗೆಯಂತೆ ಕೊಯ್ದು ಒಣಗಿಸಿ ಹಾಲೆಂಡು ಶತಮಾನಗಳ ಕಾಲ ಒಲೆಗೆ ಹಾಕಿತು. ಲೋಕದ ನೆಲದಲ್ಲಿ ನೂರಕ್ಕೆ ಮೂರು ಪಾಲಿನಷ್ಟಿರುವ ಇಂಥ ಭೂಮಿಯಲ್ಲಿ ಎಲ್ಲ ಕಾಡುಗಳ ಮರಗಳಿಗಿಂತ ಹೆಚ್ಚು ಇಂಗಾಲವು ಅಡಗಿರುವುದೆಂದು ಈಗ ತಿಳಿದಿರುವುದು. ಒಣಗಿದರೆ ಅದು ಹೊಗೆಯಿಲ್ಲದೆಯೇ ಉರಿದಂತೆ ಗಾಳಿಗೆ ಸೇರುವುದು. ಆದುದರಿಂದ ಇಲ್ಲಿ ಹಳೆಯ ಕಾಲುವೆಗಳನ್ನು ಮುಚ್ಚಿ, ದಂಡೆ ಕಟ್ಟಿ ಮಳೆನೀರನ್ನು ನಿಲ್ಲಿಸಿರುವರು. ಆಮೇಲೆ ಮಾಡತಕ್ಕದ್ದು ಕಡಮೆ, ಕಾಯತಕ್ಕದ್ದೇ ಹೆಚ್ಚು. ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕುಳಿತು ನೋಡಿದರೆ ಕೆಂಪು ಅಂಟುಹನಿಗಳ ಡ್ರಾಸೆರಾ ಗಿಡ ಕಂಡಿತು. ಮಳೆಗಾಲದಲ್ಲಿ ನಮ್ಮ ಜಂಬಿಟ್ಟಿಗೆಯ ಹಾಸಿನ ಮೇಲೆ ಹುಳ ಹಿಡಿದು ಬದುಕುವ ಗಿಡದ ದಾಯಾದಿಯದು.

ಬಿಸಿಲು ಕಾಯಿಸಿದ ಹಾದಿಯ ಮೇಲೆ ಒಂದು ಹಾವು ಮಲಗಿದ್ದಿತು. ನಮ್ಮ ಕೊಳಕುಮಂಡಲದ ಕುಲಕ್ಕೆ ಸೇರಿದ ಚಿಕ್ಕ ಹಾವು; ಬೆನ್ನಿನ ಮೇಲೆ ಅಂಕುಡೊಂಕು ಗೆರೆ. ಬೈಸಿಕಲ್ಲಿನಿಂದಿಳಿದು ಅದು ಹೀದರ್ ಗಿಡದ ಬುಡಕ್ಕೆ ಸರಿಯುವವರೆಗೆ ಕಾದೆವು. ದೂರದಲ್ಲಿ ಎರಡು ಬೂದುಬಣ್ಣದ ಕ್ರೌಂಚಗಳು ಮರಿಯೊಂದನ್ನು ನಡುವೆ ಬಿಟ್ಟುಕೊಂಡು ನಡೆಯುತ್ತಿದ್ದುವು. ಶತಮಾನಗಳ ಕಾಲ ಹಾಲೆಂಡಿನಲ್ಲಿ ಗೂಡು ಕಟ್ಟದಿದ್ದ ಈ ಹಕ್ಕಿ, ನೀರು ನಿಂತ ಮೇಲೆ, 2001ರಲ್ಲಿ ಇಲ್ಲಿಯೇ ಮರಳಿ ಮರಿಮಾಡಿತು. ಯಾರೂ ತಂದು ಬಿಟ್ಟುದಲ್ಲ, ತಾನಾಗಿಯೇ ಬಂದಿತು.

ಇಷ್ಟರಿಂದಲೇ ಎಲ್ಲವೂ ಸುಖಾಂತವೆಂದು ವಾಚಕರು ಭಾವಿಸಬಾರದು. ಜೌಗಿನ ಅಂಚಿನಲ್ಲಿ ಹಾಲಿನ ದನಗಳನ್ನು ಸಾಕಿದ ಮುದುಕನೊಬ್ಬನು ಬೇಲಿಗೊರಗಿ ನಿಂತಿದ್ದನು. ಮಗಳು ಮಾತನಾಡಿಸಿದಳು. “ನನ್ನ ಅಜ್ಜ ನೀರನ್ನು ಹೊರಕ್ಕೆ ಹರಿಸಿದನು, ಎಲ್ಲರೂ ಹೊಗಳಿದರು. ನಾನು ಹರಿಸಿದರೆ ತಪ್ಪೆನ್ನುವರು. ಇಬ್ಬರೂ ಮಾಡಿದ್ದು ಒಂದೇ ಕೆಲಸ” ಎಂದನು. ಅವನ ಮಾತಿನಲ್ಲಿ ಸತ್ಯವಿದ್ದಿತು. ಹಟ್ಟಿಗಳ ಗೊಬ್ಬರದಿಂದೇಳುವ ಅಮೋನಿಯವು ಬಯಲಿನ ಮೇಲೆ ಇಳಿದು, ಬಡನೆಲದಲ್ಲಿ ಬಾಳತಕ್ಕ ಹೀದರ್ ಮತ್ತು ಪಾಚಿಗಳನ್ನು ಹುಲ್ಲು ನುಂಗುವುದು. ಇದಕ್ಕಾಗಿಯೇ 2019ರ ಮೇ 29ರಂದು ಆ ದೇಶದ ಉಚ್ಚ ಆಡಳಿತ ನ್ಯಾಯಸ್ಥಾನವು ಪರವಾನಗಿಯ ಹಳೆಯ ಪದ್ಧತಿಯನ್ನು ತಳ್ಳಿಹಾಕಿತು. ಅದೇ ಅಕ್ಟೋಬರಿನಲ್ಲಿ ರೈತರು ಸಾವಿರಾರು ಟ್ರ್ಯಾಕ್ಟರುಗಳೊಡನೆ ಹೇಗ್ ನಗರಕ್ಕೆ ನುಗ್ಗಿದರು. ಹೀದರ್ ಹೂವನ್ನು ನೋಡಿ ಸಂತೋಷಪಡುವವರು ನಾವು. ಅದರ ಬೆಲೆಯನ್ನು ತೆರುವವನು ನೆರೆಯ ರೈತನಾದರೆ, ಆ ಸಂತೋಷವು ಸಾಲದ ಮೇಲಿನ ಹಬ್ಬದೂಟದಂತೆ.

ಮರಳುವಾಗ ಮಗಳು, “ಅಪ್ಪಯ್ಯ, ಅವನಿಗೆ ಏನೆಂದು ಬರೆಯುವೆ?” ಎಂದು ಕೇಳಿದಳು. ಎರಡು ದಿನದ ಹಾದಿಯು ನನಗೆ ಎರಡು ಬಗೆಯ ನೆಲವನ್ನು ತೋರಿಸಿದ್ದಿತು. ಮೊದಲನೆಯದು ಮನುಷ್ಯನ ಕೈ ಬಿಟ್ಟರೆ ಕೆಡುವುದು. ಎರಡನೆಯದು ಕೈ ಹಾಕಿದರೆ ಕೆಡುವುದು. ಸರಕಾರದ ಲೆಕ್ಕದ ಪುಸ್ತಕ ಮಾತ್ರ ನಮ್ಮಲ್ಲಿ ಬೀಳು, ಖರಾಬು ಎಂಬ ಒಂದೆರಡು ಮಾತಿನಲ್ಲಿ ಇಂಥವೆಲ್ಲವನ್ನೂ ಮುಗಿಸುವುದು. ನಮ್ಮ ಸೊಪ್ಪಿನಬೆಟ್ಟವು ಮೊದಲನೆಯ ಬಗೆ. ರಾಮಪತ್ರೆಯ ಜಡ್ಡಿ ಎರಡನೆಯದು. ಬೇಸಗೆಯಲ್ಲಿ ತೋಟದ ಕೆರೆಗೆ ನೀರೂರುವುದು ಆ ಜಡ್ಡಿಯಿಂದಲೇ ಎಂಬುದನ್ನು ನನ್ನ ತಂದೆ ನನಗೆ ತೋರಿಸಿದ್ದರು.

ಆದರೆ ಬೇಲಿಗೊರಗಿದ ಮುದುಕನ ಮಾತೂ ಕಿವಿಯಲ್ಲಿದ್ದಿತು. ಊರಿನಲ್ಲಿ ಉಳಿದವನಿಗೆ ಜಡ್ಡಿಯನ್ನು ಉಳಿಸೆಂದು ಉಪದೇಶ ಮಾಡಿ, ನಷ್ಟವನ್ನೂ ಅವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಆ ರಾತ್ರಿಯೇ ಉತ್ತರ ಬರೆದೆನು: “ಜಡ್ಡಿಗೆ ಗುದ್ದಲಿ ಮುಟ್ಟಿಸಬೇಡ. ಬೆಟ್ಟದ ಸೊಪ್ಪಿನ ಕೆಲಸ ಬಿಡಬೇಡ. ಹೊಸ ತೋಟದಿಂದ ನಿನಗೆ ಬರಬಹುದಾಗಿದ್ದುದರ ಬದಲಿಗೆ ಹಳೆಯ ತೋಟದ ಉತ್ಪತ್ತಿಯಲ್ಲಿ ನನ್ನ ಪಾಲನ್ನು ಈ ವರುಷದಿಂದ ನೀನೇ ಇಟ್ಟುಕೊ.” ಮಗಳು ಅದನ್ನು ಓದಿ, ತನ್ನ ಒಪ್ಪಿಗೆಯನ್ನೂ ಕೆಳಗೆ ಎರಡು ಸಾಲು ಬರೆದು ಸೇರಿಸಿದಳು.