ಗಿರಾಕಿಯ ನೆನಪು ಯಾರ ಬಳಿ ಇರಬೇಕು?

ಬಳೆಗಾರರು ಮಲಾರ ಹೆಗಲಿಗೇರಿಸಿ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಅವರ ನಿಜವಾದ ಬಂಡವಾಳ ತಲೆಯೊಳಗೆ ಇರುತ್ತಿತ್ತು. ಯಾವ ಮನೆಯ ಹೆಣ್ಣುಮಗಳ ಕೈ ಅಳತೆ ಎಷ್ಟು, ಯಾರಿಗೆ ಹಸಿರು ಗಾಜು ಇಷ್ಟ, ಯಾರ ಸೀಮಂತ ಹತ್ತಿರ ಬಂತು, ಯಾವ ಮನೆಯ ಮುಂದೆ ಈ ವರ್ಷ ಬಳೆ ಎಂದು ಕೂಗಬಾರದು, ಇಷ್ಟೂ ಅವರಿಗೆ ಗೊತ್ತು. ತವರಿನ ಸುದ್ದಿಯನ್ನು ಗಂಡನ ಮನೆಗೆ ಮುಟ್ಟಿಸುತ್ತಿದ್ದವರೂ ಅವರೇ. ಯಾವುದನ್ನು ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂಬ ವಿವೇಕ ಇದ್ದುದರಿಂದಲೇ ಅವರನ್ನು ಜಗಲಿಗೆ ಕರೆದು ಕೂರಿಸುತ್ತಿದ್ದರು. ಗಿರಾಕಿಯ ಬಗ್ಗೆ ಮಾರುವವರು ತಿಳಿದುಕೊಳ್ಳುವುದು ಕೆಟ್ಟದ್ದೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅದಕ್ಕೇ ಈ ಮಾತನ್ನು ಮೊದಲು ಹೇಳಿಬಿಟ್ಟೆ.

ಈಗ ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆ ಮಾಡುವವರೊಬ್ಬರು ಅಮೆಜಾನಿನಲ್ಲಿ ಮಾಲು ಇಟ್ಟಿದ್ದಾರೆ ಅಂದುಕೊಳ್ಳಿ. ಧಾರವಾಡದಿಂದ ಯಾರೋ ಅರಗಿನ ಬಣ್ಣದ ಗಿಲಕಿ ತರಿಸಿಕೊಂಡರು, ಮಗು ಆಡಿತು, ಮನೆಯವರಿಗೆ ಖುಷಿಯಾಯಿತು. ಮುಂದಿನ ವರ್ಷ ಆ ಮಗುವಿಗೆ ಎಳೆದಾಡುವ ಕುದುರೆ ಬೇಕಾಗುತ್ತದೆ ಎಂದು ಗೊಂಬೆ ಮಾಡಿದವರಿಗೆ ಗೊತ್ತು. ಆದರೆ ಹೇಳುವುದು ಯಾರಿಗೆ? ಕೊಂಡವರ ನಿಜವಾದ ಇಮೇಲ್ ಅವರಿಗೆ ಕಾಣುವುದಿಲ್ಲ. ಅದರ ಜಾಗದಲ್ಲಿ ಅಮೆಜಾನ್ ಸೃಷ್ಟಿಸಿದ ಮರೆಯ ವಿಳಾಸವೊಂದು ಕಾಣುತ್ತದೆ. ಆ ವಿಳಾಸಕ್ಕೆ ಆ ಆರ್ಡರಿನ ಮಾತಷ್ಟೇ ಬರೆಯಬಹುದು, ಹೊಸ ಮಾಲು ಬಂದಿದೆ ಎಂದು ಬರೆದರೆ ತಪ್ಪು. ಮುಂದಿನ ಸಲ ನಮ್ಮ ಸ್ವಂತ ಅಂಗಡಿಗೇ ಬನ್ನಿ ಎಂದು ಪೆಟ್ಟಿಗೆಯೊಳಗೆ ಚೀಟಿ ಇಟ್ಟರೂ ಕರಾರು ಮುರಿದ ಹಾಗೆ.

ಕೊಳ್ಳುವವಳಾಗಿ ನೋಡಿದರೆ ಈ ಕಟ್ಟುಪಾಡು ನನಗೆ ಬೇಕು. ಒಂದು ಕಡೆ ಫೋನ್ ನಂಬರು ಕೊಟ್ಟರೆ ಸಾಲ ಕೊಡುತ್ತೇವೆ, ಸೈಟು ಕೊಡುತ್ತೇವೆ ಎಂದು ಹತ್ತು ಕಡೆಯಿಂದ ಕರೆ ಬರುವ ಕಾಲ ಇದು. ಗೊಂಬೆ ಮಾಡಿದವರ ಸಂಕಟವೂ ಸುಳ್ಳಲ್ಲ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಹೇಳಬೇಕು.

ಇನ್ನೊಂದು ಬಗೆಯ ವೇದಿಕೆ ಇದೆ, ಶಾಪಿಫೈ ಥರದ್ದು. ಅದು ಹುಟ್ಟಿದ ಬಗೆಯೇ ಬೇರೆ. ಜರ್ಮನಿಯಿಂದ ಕೆನಡಾದ ಒಟ್ಟಾವಾಕ್ಕೆ ಬಂದ ಟೋಬಿಯಾಸ್ ಲ್ಯುಟ್ಕೆ 2004ರಲ್ಲಿ ಗೆಳೆಯರ ಜೊತೆ ಹಿಮದ ಮೇಲೆ ಜಾರುವ ಹಲಗೆಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟರು. ಆಗ ಸಿಗುತ್ತಿದ್ದ ತಂತ್ರಾಂಶ ಯಾವುದೂ ಹಿಡಿಸದೆ ತಾವೇ ಬರೆದುಕೊಂಡರು. ಕೊನೆಗೆ ಹಲಗೆಗಿಂತ ತಂತ್ರಾಂಶಕ್ಕೇ ಹೆಚ್ಚು ಗಿರಾಕಿ ಇದೆ ಎಂದು ಗೊತ್ತಾಗಿ 2006ರಲ್ಲಿ ಶಾಪಿಫೈ ಶುರುವಾಯಿತು. ಇಲ್ಲಿ ಅಂಗಡಿ ನಿಮ್ಮದೇ, ಗಿರಾಕಿಗಳ ಪಟ್ಟಿಯೂ ನಿಮಗೆ ಕಾಣುತ್ತದೆ. ತೊಂದರೆ ಇರುವುದು ಅಂಗಡಿಗೆ ನಾವು ಜೋಡಿಸಿಕೊಳ್ಳುವ ಪುಟ್ಟ ಪುಟ್ಟ ಆ್ಯಪ್‌ಗಳಲ್ಲಿ. ರಿಯಾಯಿತಿ ಕೂಪನ್ನಿಗೊಂದು, ವಿಮರ್ಶೆ ಕೇಳುವುದಕ್ಕೊಂದು, ಇಮೇಲ್ ಕಳಿಸುವುದಕ್ಕೊಂದು. ಪ್ರತಿಯೊಂದೂ ಗಿರಾಕಿಯ ಪಟ್ಟಿಗೆ ಕೈ ಚಾಚುತ್ತದೆ.

ಅವುಗಳಿಗೆ ಶಾಪಿಫೈ ಹಾಕಿರುವ ನಿಯಮಗಳನ್ನು ಓದಿದಾಗ ನನಗೆ ಸಮಾಧಾನವಾಯಿತು. ಆ್ಯಪ್‌ಗೆ ಮಾಮೂಲಾಗಿ ಕಾಣುವುದು ಹಿಂದಿನ 60 ದಿನಗಳ ಆರ್ಡರುಗಳು ಮಾತ್ರ. ಅದಕ್ಕಿಂತ ಹಳೆಯದು ಬೇಕಾದರೆ ಕಾರಣ ಹೇಳಿ ಅನುಮತಿ ಕೇಳಬೇಕು. ಗಿರಾಕಿಯ ಹೆಸರು, ವಿಳಾಸ, ಫೋನು, ಇಮೇಲ್ ಇವಕ್ಕೂ ಬೇರೆಯಾಗಿ ಒಪ್ಪಿಗೆ ಬೇಕು. ಅಂಗಡಿಯವರು ಆ್ಯಪ್ ಕಿತ್ತುಹಾಕಿದರೆ 48 ಗಂಟೆಯ ಮೇಲೆ ಆ ಅಂಗಡಿಯ ಮಾಹಿತಿ ಅಳಿಸಿ ಎಂಬ ಆದೇಶ ಆ್ಯಪ್ ಮಾಡಿದವರಿಗೆ ತಾನಾಗಿ ಹೋಗುತ್ತದೆ. ಅಳಿಸಲು 30 ದಿನದ ಗಡುವು. ಅಮೆಜಾನ್ ಕೂಡ ಹೊರಗಿನ ತಂತ್ರಾಂಶಗಳಿಗೆ ಇಂಥದೇ ಗೆರೆ ಎಳೆದಿದೆ: ತೆರಿಗೆ, ಕಾನೂನಿನ ಅಗತ್ಯ ಬಿಟ್ಟರೆ, ಸಾಮಾನು ತಲುಪಿ 30 ದಿನವಾದ ಮೇಲೆ ಕೊಂಡವರ ವೈಯಕ್ತಿಕ ವಿವರ ಇಟ್ಟುಕೊಳ್ಳುವಂತಿಲ್ಲ. ಯಾರೋ ಒಬ್ಬರು ಕೂತು ನಮ್ಮ ಪರವಾಗಿ ಯೋಚಿಸಿ ಬರೆದ ಸಾಲುಗಳಿವು.

ಆದರೆ ಕೃತಕ ಬುದ್ಧಿಮತ್ತೆ ಬಂದ ಮೇಲೆ ಅಳಿಸು ಎನ್ನುವ ಆಜ್ಞೆಯ ಶಕ್ತಿಯೇ ಕುಂದಿದೆ. ಪಟ್ಟಿಯಲ್ಲಿರುವ ಹೆಸರನ್ನು ಒಂದು ಕ್ಷಣದಲ್ಲಿ ತೆಗೆಯಬಹುದು. ಆ ಪಟ್ಟಿಯನ್ನು ಓದಿ ಯಂತ್ರ ಕಲಿತದ್ದು ಕೋಟ್ಯಂತರ ಅಂಕಿಗಳಲ್ಲಿ ಹಂಚಿಹೋಗಿರುತ್ತದೆ. ನಿಮ್ಮ ಪಾಲು ಎಲ್ಲಿದೆ ಎಂದು ಹುಡುಕಿ ತೆಗೆಯುವುದು ಬಹಳ ಕಷ್ಟ. 2021ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎವರ್‌ಆಲ್ಬಮ್ ಎಂಬ ಫೋಟೋ ಆ್ಯಪ್ ಕಂಪನಿಗೆ, ಬಳಕೆದಾರರ ಚಿತ್ರಗಳಿಂದ ತಯಾರಿಸಿದ ಮುಖ ಗುರುತಿಸುವ ಮಾದರಿಗಳನ್ನೇ ಅಳಿಸಲು ಆದೇಶಿಸಿತು. ಡೇಟಾದ ಜೊತೆಗೆ ಅದರಿಂದ ಹುಟ್ಟಿದ್ದನ್ನೂ ಬಿಟ್ಟುಕೊಡಬೇಕು ಎಂಬ ಆ ತೀರ್ಮಾನ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕಲಿಯುವ ಹಕ್ಕು ಯಾರಿಗೆ ಎಂಬುದು ಅದಕ್ಕಿಂತ ಕಠಿಣ ಪ್ರಶ್ನೆ. ಇದನ್ನು ಕೊಂಡವರು ಅದನ್ನೂ ಕೊಂಡರು ಎಂದು ತೋರಿಸುತ್ತಾರಲ್ಲ, ಆ ಲೆಕ್ಕದ ಬಗೆಯನ್ನು ಅಮೆಜಾನಿನ ಮೂವರು ಎಂಜಿನಿಯರುಗಳು 2003ರಲ್ಲೇ ಪ್ರಬಂಧವಾಗಿ ಪ್ರಕಟಿಸಿದ್ದರು. ಲೆಕ್ಕ ಗುಟ್ಟಲ್ಲ, ಆದರೆ ಅದು ಫಲ ಕೊಡಲು ಲಕ್ಷಾಂತರ ಜನರ ಖರೀದಿ ಬೇಕು. ತಿಂಗಳಿಗೆ ನೂರು ಗೊಂಬೆ ಮಾರುವ ಅಂಗಡಿಯ ಡೇಟಾದಿಂದ ಯಂತ್ರ ಏನನ್ನು ತಾನೇ ಕಲಿತೀತು! ಸಣ್ಣವರು ಸೇರಿ ಒಟ್ಟುಗೂಡಿಸೋಣವೆಂದರೆ ನಿಯಮ ಅಡ್ಡ ಬರುತ್ತದೆ. ಎಲ್ಲ ಅಂಗಡಿಗಳನ್ನೂ ಒಂದೇ ನೋಟಕ್ಕೆ ಕಾಣಬಲ್ಲ ಜಾಗದಲ್ಲಿ ಕೂತಿರುವುದು ನಿಯಮ ಬರೆದ ವೇದಿಕೆಯೇ. ನನ್ನ ತಕರಾರು ಇಲ್ಲಿದೆ. ಉಳಿದವರ ಕಣ್ಣಿಗೆ ಬಟ್ಟೆ ಕಟ್ಟುವವರು ತಮ್ಮ ಕಣ್ಣಿಗೂ ಒಂದು ಮಿತಿ ಹಾಕಿಕೊಳ್ಳಬೇಕು.

ಇದು ಬರೀ ನನ್ನ ಅನುಮಾನವಲ್ಲ. ಮಾರಾಟಗಾರರ ಗೋಪ್ಯ ಅಂಕಿಅಂಶಗಳನ್ನು ಅಮೆಜಾನ್ ತನ್ನ ಸ್ವಂತ ಮಾರಾಟಕ್ಕೆ ಬಳಸುತ್ತಿದೆಯೇ ಎಂದು ಯುರೋಪಿಯನ್ ಕಮಿಷನ್ 2019ರಲ್ಲಿ ತನಿಖೆ ಶುರುಮಾಡಿತು. ಇನ್ನು ಮುಂದೆ ಹಾಗೆ ಬಳಸುವುದಿಲ್ಲ ಎಂಬ ಕಂಪನಿಯ ವಾಗ್ದಾನ 2022ರ ಡಿಸೆಂಬರಿನಲ್ಲಿ ಕಾನೂನಿನ ಕಟ್ಟಾಯಿತು. ಆ್ಯಪಲ್ ಕಥೆಯೂ ಇದಕ್ಕೆ ಹತ್ತಿರ. 2021ರಿಂದ ಐಫೋನಿನಲ್ಲಿ ಆ್ಯಪ್‌ಗಳು ಜನರ ಜಾಡು ಹಿಡಿಯುವ ಮೊದಲು ಅನುಮತಿ ಕೇಳಬೇಕೆಂದಾಯಿತು. ಉದ್ದೇಶ ಒಳ್ಳೆಯದೇ. ಜಾಹೀರಾತಿನಿಂದ ಗಿರಾಕಿ ಹುಡುಕುತ್ತಿದ್ದ ಸಣ್ಣ ಅಂಗಡಿಗಳಿಗೆ ಮಾತ್ರ ಪೆಟ್ಟು ಬಿತ್ತು. 2025ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ಆ್ಯಪಲ್‌ಗೆ 15 ಕೋಟಿ ಯೂರೋ ದಂಡ ಹಾಕಿತು. ಅದು ತಪ್ಪು ಕಂಡದ್ದು ನಿಯಮದ ಉದ್ದೇಶದಲ್ಲಲ್ಲ, ಜಾರಿಯಲ್ಲಿ: ಬೇರೆಯವರಿಗೆ ಇಟ್ಟ ಬಿಗಿ ಸ್ವಂತಕ್ಕೆ ಇರಲಿಲ್ಲ.

ಈಚೆಗೆ ಇನ್ನೊಬ್ಬರು ನಡುವೆ ಬಂದಿದ್ದಾರೆ. 2025ರ ಸೆಪ್ಟೆಂಬರಿನಲ್ಲಿ ಚಾಟ್‌ಜಿಪಿಟಿಯ ಒಳಗಿನಿಂದಲೇ ಕೊಳ್ಳುವ ಏರ್ಪಾಡು ಅಮೆರಿಕದಲ್ಲಿ ಶುರುವಾಯಿತು. ನವೆಂಬರಿನಲ್ಲಿ, ಜನರ ಪರವಾಗಿ ತಾನೇ ಅಂಗಡಿಗೆ ಹೋಗಿ ಕೊಳ್ಳುವ ಎಐ ಬ್ರೌಸರ್ ಮಾಡಿದ ಪರ್ಪ್ಲೆಕ್ಸಿಟಿಯ ಮೇಲೆ ಅಮೆಜಾನ್ ಮೊಕದ್ದಮೆ ಹೂಡಿತು. ದೊಡ್ಡವರ ಜಗಳದಲ್ಲಿ ಗೊಂಬೆಯವರನ್ನು ಮರೆಯಬಾರದು. ತಂಗಿಯ ಮಗುವಿಗೆ ನಾಮಕರಣ, ಬಾಯಿಗಿಟ್ಟುಕೊಂಡರೂ ತೊಂದರೆಯಾಗದ ಬಣ್ಣ ಬೇಕು, ಹೆಚ್ಚು ದುಡ್ಡಿಲ್ಲ ಎಂದೆಲ್ಲ ಮನಬಿಚ್ಚಿ ಆಡುವ ಮಾತು ಎಐ ಕಂಪನಿಯ ಬಳಿ ಉಳಿಯುತ್ತದೆ. ಮಾಡಿದವರಿಗೆ ತಲುಪುವುದು ಗಿಲಕಿ ಒಂದು, ಇಂಥ ವಿಳಾಸ, ಅಷ್ಟೇ. ಬಳೆಗಾರರಿಗೆ ಜಗಲಿಯಲ್ಲಿ ಸಿಗುತ್ತಿದ್ದ ತಿಳಿವಳಿಕೆ ಮೂರನೆಯವರ ಪಾಲಾಗುತ್ತಿದೆ.

ಖಾಸಗಿತನದ ಮಾತು ಬಂದಾಗೆಲ್ಲ ನನಗೆ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೇಲೆ ಗೌರವ ಉಕ್ಕುತ್ತದೆ. ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾಗಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಅವರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಕಾಲಾವಕಾಶವಿದೆ. ಎರಡು ಕೋಟಿಗೆ ಕಡಿಮೆಯಿಲ್ಲದಷ್ಟು ಬಳಕೆದಾರರಿರುವ ಇ-ಕಾಮರ್ಸ್ ಸಂಸ್ಥೆಗಳು, ಮೂರು ವರ್ಷ ಆ ಕಡೆ ಸುಳಿಯದವರ ಮಾಹಿತಿಯನ್ನು ಮುಂಚಿತವಾಗಿ ತಿಳಿಸಿ ಅಳಿಸಬೇಕು.

ಆ ಕಾಯ್ದೆಯಲ್ಲಿ ನನಗೆ ತೀರಾ ಪ್ರಿಯವಾದದ್ದು ಬೇರೆಯದೇ ಒಂದು ಸಾಲು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಆಯ್ಕೆ ನಮಗಿರಬೇಕು. ಅಂದರೆ ಕನ್ನಡದಲ್ಲಿ. ಹಾಗೆ ಬಂದಾಗ ಅದರಲ್ಲಿ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಇರಲಿ ಎಂದು ನನ್ನ ಆಸೆ. ಈ ಗೊಂಬೆ ಮಾಡಿದವರು ನಿಮಗೆ ಮತ್ತೆ ಬರೆಯಬಹುದೇ ಎಂಬುದು ಒಂದು. ನಿಮ್ಮ ಖರೀದಿಯಿಂದ ಯಂತ್ರ ಕಲಿಯಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂತೋಷವಾಗಿ ಹೂಂ ಅನ್ನುತ್ತೇನೆ. ಎರಡನೆಯದಕ್ಕೆ, ಆ ಯಂತ್ರ ಯಾರದು, ಕಲಿತದ್ದರಲ್ಲಿ ಗೊಂಬೆಯವರಿಗೂ ಪಾಲುಂಟೇ ಎಂದು ಕೇಳಿ ತಿಳಿದುಕೊಂಡು ಉತ್ತರ ಕೊಡುತ್ತೇನೆ.